ಮಧ್ಯಾಹ್ನದ ಸೊನ್ನೆ

ಪರದೆಯ ಮೇಲೆ ಕೆಂಪು ಚುಕ್ಕೆ ಬಿದ್ದದ್ದು ದೇವಾನಂದನ ಮನೆಯ ಮೇಲೆಯೇ.

ಅವನು ಮೊದಲು ಎದ್ದು ಕ್ಯಾಬಿನ್ನಿನ ಬಾಗಿಲು ಹಾಕಿದ. ಆಮೇಲೆ ಮೀಟರ್ ಸಂಖ್ಯೆಯನ್ನು ಇನ್ನೊಮ್ಮೆ ನೋಡಿದ. ಹಿಂಜವಾಡಿಯ ಅವನ ಫ್ಲ್ಯಾಟಿನದೇ. ಪಕ್ಕದಲ್ಲಿ ಯಂತ್ರ ತನ್ನ ಅಭಿಪ್ರಾಯ ಬರೆದಿತ್ತು: ವಿದ್ಯುತ್ ಕಳವಿನ ಶಂಕೆ.

ಒಂದು ವಿದ್ಯುತ್ ಕಂಪನಿ, ಮೀಟರ್ ಮಾಡುವ ಒಂದು ಕಂಪನಿ, ದೇವಾನಂದನ ಸಾಫ್ಟ್‌ವೇರ್ ಕಂಪನಿ, ಈ ಮೂರೂ ಕೈಜೋಡಿಸಿ ನಡೆಸುತ್ತಿದ್ದ ಯೋಜನೆ ಅದು. ಕೃತಕ ಬುದ್ಧಿಮತ್ತೆ ಮನೆಮನೆಯ ಸ್ಮಾರ್ಟ್ ಮೀಟರ್ ಓದಿ ಕಳ್ಳರನ್ನು ಹಿಡಿಯಬೇಕು. ಕೈಜೋಡಿಸಿದ್ದೇವೆ ಎನ್ನುವುದು ಪತ್ರಿಕೆಯವರಿಗೆ ಹೇಳುವ ಮಾತು. ಒಳಗೆ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ಇವತ್ತು ಸಂಜೆ ಮೂರೂ ಕಂಪನಿಗಳ ದೊಡ್ಡವರ ಮುಂದೆ ಈ ಪರದೆಯನ್ನೇ ತೋರಿಸಬೇಕು. ಯೋಜನೆಯ ಮುಖ್ಯಸ್ಥನ ಮನೆಯೇ ಕೆಂಪಗೆ ಕಂಡರೆ ನೌಕರಿ ಹೋಗುತ್ತದೆ, ಮಾನವೂ ಹೋಗುತ್ತದೆ. ಅಳಿಸೋಣವೆಂದರೆ ಅದೇ ಮಾಹಿತಿ ಉಳಿದೆರಡು ಕಂಪನಿಗಳ ಬಳಿಯೂ ಇತ್ತು.

ಅವನು ಮೀಟರ್ ಕಂಪನಿಯ ಎಂಜಿನಿಯರ್ ಸಿದ್ದಾರೂಢನನ್ನು ಕರೆಸಿದ. ದೇವಾನಂದನ ಮನೆಗೆ ಮೀಟರ್ ಕೂರಿಸಿದವನು ಅವನೇ. ದೇವಾನಂದನ ಕುರ್ಚಿಯ ಮೇಲೆ ಕಣ್ಣಿಟ್ಟವನೂ ಅವನೇ ಎಂದು ಆಫೀಸಿನಲ್ಲಿ ಗುಸುಗುಸು ಇತ್ತು.

“ಮೀಟರ್ ಸರಿ ಅದರಿ ಸರ್,” ಎಂದ ಸಿದ್ದಾರೂಢ, ಪರದೆಯಿಂದ ಕಣ್ಣು ತೆಗೆಯದೆ. “ದಿನಾ ಮಧ್ಯಾಹ್ನ ನಿಮ್ಮನಿ ಬಳಕೆ ಸೊನ್ನೆಗೆ ಇಳೀತದ. ಫ್ರಿಜ್ ಇದ್ದ ಮನ್ಯಾಗ ಸೊನ್ನೆ ಹೆಂಗ ಬರ್ತದರಿ? ಮನ್ಯಾಗ ಯಾರೂ ಇರೂದಿಲ್ಲೇನು?”

“ಅವ್ವ ಇರ್ತಾಳ.”

“ಹಂಗಾದ್ರ ಮೀಟರ್ ತಪ್ಪಿಸಿ ವೈರ್ ಎಳದಾರ ಅಂತನ ಮಷೀನ್ ತಿಳ್ಕೊಳ್ಳೂದು. ಹೊರಗಿನವ್ರನ್ನ ಬೈಯೂ ಮೊದಲ ಮನಿಯವ್ರನ್ನ ಕೇಳ್ರಿ ಸರ್.”

ಮಾತು ಮುಳ್ಳಿನಂತೆ ಚುಚ್ಚಿತು. ಇವನಿಗೆ ಎಷ್ಟು ಧೈರ್ಯ! ಮೀಟರಿನಲ್ಲಿ ಕೈಯಾಡಿಸಿ, ಈಗ ಬುದ್ಧಿ ಹೇಳಲು ಬಂದಿದ್ದಾನೆ. ಮಾನದ ಪ್ರಶ್ನೆ ಬಂದರೆ ದೇವಾನಂದ ಹಿಂದುಮುಂದು ನೋಡುವವನಲ್ಲ. ತನ್ನ ಮಾತು ಮೀರಿ ಬೇರೆ ಜಾತಿಯವನನ್ನು ಮದುವೆಯಾದಳೆಂದು ಒಡಹುಟ್ಟಿದ ತಂಗಿ ದುರ್ಗಾಳ ಹೆಸರನ್ನೂ ಮನೆಯಲ್ಲಿ ಎತ್ತಗೊಡದವನು. ಅಂಥವನಿಗೆ ಸಿದ್ದಾರೂಢ ಯಾವ ಲೆಕ್ಕ?

ಆದರೂ ಮನೆಯವರನ್ನು ಕೇಳದೆ ಇರಲಿಲ್ಲ. ಹಿಂದಿನ ದಿನ ಹಾಲು ಒಡೆದಿತ್ತು, ಅದಕ್ಕೂ ಮುಂಚೆ ಮೊಸರು ಹುಳಿಬಂದಿತ್ತು. “ಮಧ್ಯಾಹ್ನ ಕರೆಂಟ್ ಹೋಗ್ತದೇನವ್ವಾ?” ಎಂದು ಆಗ ಕೇಳಿದ್ದ.

“ಹೋದ್ರ ಹೋಗ್ತದಪಾ, ನಾ ಮಲಗಿರ್ತೀನಿ,” ಎಂದಿದ್ದರು ಅಂಬಾಬಾಯಿ, ಮಾವಿನಕಾಯಿ ಹೆಚ್ಚುತ್ತ. ಹುಳಿ ತಿಂದರೆ ಎದೆ ಉರಿಯುತ್ತದೆ ಎನ್ನುತ್ತಿದ್ದವರಿಗೆ ಈ ಬೇಸಿಗೆಯಲ್ಲಿ ಅದೇನು ರುಚಿಯೋ!

ಹತ್ತಿರದ ಶಾಲೆಯಲ್ಲಿ ಪಾಠ ಹೇಳುವ ಹೆಂಡತಿ ಸುಮಂಗಲಾಳದೂ ತಣ್ಣಗಿನ ಉತ್ತರ. “ನಾ ಸಾಲಿ ಬಿಟ್ಟು ಬರೂದ್ರಾಗ ಎಲ್ಲಾ ಸರಿ ಇರ್ತದ್ರಿ.”

ಪಾಪ, ಮುಗ್ಧ ಹೆಂಗಸರು. ತನ್ನ ಯಂತ್ರದ ಬಗ್ಗೆ ಅವರಿಗೆ ಏನು ಗೊತ್ತು? ಮೀಟರ್ ಕೂರಿಸಿದ ದಿನ ಊಟಕ್ಕೆ ಕೂತಾಗ ಅವನೇ ವಿವರಿಸಿದ್ದ: ಮಿಕ್ಸರ್ ಯಾವಾಗ ತಿರುಗಿತು, ಟೀವಿ ಯಾರು ಹಚ್ಚಿದರು, ಎಲ್ಲವೂ ಇದಕ್ಕೆ ತಿಳಿಯುತ್ತದೆ.

“ಮನ್ಯಾಗ ಎಷ್ಟ ಮಂದಿ ಅದಾರಂತನೂ ಹೇಳ್ತದೇನು?” ಎಂದು ಕೇಳಿದ್ದರು ಅಂಬಾಬಾಯಿ.

“ಒಬ್ರು ಹೆಚ್ಚಿಗಿ ಬಂದ್ರೂ ನನಗ ಗೊತ್ತಾಗ್ತದವ್ವಾ,” ಎಂದು ಅವನು ಕೊಚ್ಚಿಕೊಂಡಿದ್ದ. ಅಷ್ಟೆಲ್ಲ ಆ ಯಂತ್ರಕ್ಕೆ ಬರುತ್ತಿರಲಿಲ್ಲ. ಆದರೂ ಅವ್ವನ ಕಣ್ಣಲ್ಲಿ ದೊಡ್ಡವನಾಗುವ ಆಸೆ ಯಾರಿಗಿಲ್ಲ!

ಊಟದ ವೇಳೆಗೆ ಅವನು ಕಾರು ಹತ್ತಿದ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ತನ್ನ ಮೇಲಧಿಕಾರಿಗೆ ಫೋನ್ ಮಾಡಿದ. “ಸಿದ್ದಾರೂಢನನ್ನು ಹೊರಗೆ ಬಿಡಬೇಡಿ ಸರ್. ಸಾಕ್ಷಿ ಹಿಡಿದುಕೊಂಡೇ ಬರುತ್ತೇನೆ.”

ಅವನ ಮಹಡಿಯಲ್ಲಿ ಲಿಫ್ಟಿನ ದೀಪ ಉರಿಯುತ್ತಿತ್ತು, ಪಕ್ಕದ ಮನೆಯಲ್ಲಿ ಟೀವಿ ಗದ್ದಲ ಹಾಕುತ್ತಿತ್ತು. ಅವನ ಮನೆಯಲ್ಲಿ ಮಾತ್ರ ಸದ್ದಿಲ್ಲ. ಬೀಗದ ಕೈ ತಿರುಗಿಸಿ ಮೆಲ್ಲಗೆ ಒಳಗೆ ಕಾಲಿಟ್ಟ. ಕಿಟಕಿಯ ಪರದೆಗಳನ್ನೆಲ್ಲ ಎಳೆದಿದ್ದರು. ಸೆಕೆ ಮುಖಕ್ಕೆ ಹೊಡೆಯಿತು. ಕಾಲಿಗೆ ಒಂದು ಜೊತೆ ಚಪ್ಪಲಿ ತಗುಲಿತು. ಮನೆಯಲ್ಲಿ ಯಾರದೂ ಅಲ್ಲ.

ಮೊಬೈಲ್ ಬೆಳಕಿನಲ್ಲಿ ಬಾಗಿಲ ಹಿಂದಿನ ಪೆಟ್ಟಿಗೆ ತೆರೆದ. ಎಳೆದ ತಂತಿ ಇಲ್ಲ, ಸುಟ್ಟ ಗುರುತಿಲ್ಲ. ಮೇನ್ ಸ್ವಿಚ್ಚನ್ನು ಯಾರೋ ಕೈಯಾರೆ ಕೆಳಗೆ ಇಳಿಸಿದ್ದರು.

ಅಡುಗೆಮನೆಯಿಂದ ಪಿಸುಮಾತು ಕೇಳಿಸಿತು. ತಟ್ಟೆ ಸರಿಸಿದ ಸದ್ದು. ಅವ್ವನೊಬ್ಬಳೇ ಇರುವ ಮನೆಯಲ್ಲಿ ಯಾರಿದು? ಬರಲಿ, ಬೆಳಕಿಗೇ ಬರಲಿ. ಅವನು ಸ್ವಿಚ್ಚನ್ನು ಮೇಲೆತ್ತಿದ.

ದೀಪ ಹತ್ತಿತು, ಫ್ಯಾನು ತಿರುಗಿತು. ಅಂಬಾಬಾಯಿಯ ದನಿ ಅಡುಗೆಮನೆಯಿಂದಲೇ, ಗಾಬರಿಯಲ್ಲಿ ಬಂತು.

“ಸುಮಂಗಲಾ, ಬಂದೇನವಾ? ಲೈಟ್ ಯಾಕ ಹಚ್ಚಿದಿ, ಆರಸು ಲಗೂನ! ಬಸುರಿ ಹುಡುಗಿ ಇನ್ನೂ ಎರಡ ತುತ್ತೂ ತಿಂದಿಲ್ಲ, ದುರ್ಗಾ ಬಂದಾಳಂತ ಆ ಮೀಟರ್ ನಿನ್ನ ಗಂಡಗ ಹೇಳಿಬಿಡ್ತದ.”