ಕರ್ನಲ್ ಕೈಗೆ ಬಂದ ಮೌಸ್

"ಮೌಸ್ ಇಲ್ಲಿ ಕೊಡಿ ರಸೆಲ್, ಇವತ್ತು ನಾನೇ ಒತ್ತಿ ನೋಡ್ತೀನಿ" ಎಂದು ಕರ್ನಲ್ ಮರ್ನಾ ಹ್ಯಾಚೆಟ್ ಪರದೆಯ ಮುಂದೆ ಕುರ್ಚಿ ಎಳೆದುಕೊಂಡಳು. ಗುತ್ತಿಗೆ ಕಂಪನಿಯ ಮ್ಯಾನೇಜರ್ ರಸೆಲ್‌ನ ಕೈಯ ಡೋನಟ್ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. "ಅಯ್ಯೋ, ನಿಮಗ್ಯಾಕೆ ಮೇಡಂ ಆ ತೊಂದ್ರೆ?"

ಕ್ಷಿಪಣಿ ತಡೆಯುವ ತಂತ್ರಾಂಶಕ್ಕಾಗಿ ಸೇನೆ ವರ್ಷಗಟ್ಟಲೆ ಕಣ್ಣುಮುಚ್ಚಿ ಕಾಯುವ ಹಳೇ ಪದ್ಧತಿಯನ್ನು ಹಟ ಹಿಡಿದು ಬಿಡಿಸಿದವಳು ಮರ್ನಾಳೇ. ಈಗ ಎರಡು ವಾರಕ್ಕೊಮ್ಮೆ, ಅಲ್ಲಿವರೆಗೆ ಆಗಿರುವ ಕೆಲಸವನ್ನು ಕಂಪನಿ ಅಮೆರಿಕದ ಹಂಟ್ಸ್‌ವಿಲ್ ಊರಿನ ಈ ಕೋಣೆಯಲ್ಲಿ ತೋರಿಸಲೇಬೇಕು. ಪ್ರತಿ ಸಲವೂ ಚಪ್ಪಾಳೆ ಬಿದ್ದಿತ್ತು. ಮುಂದಿನ ವಾರ ಆ ತಂತ್ರಾಂಶ ಸಾಗರದಾಚೆಯ ಸೇನಾ ಠಾಣೆಗೆ ಹೊರಡಲಿತ್ತು.

ಪರದೆಯ ಮೇಲೆ ಶತ್ರು ಕ್ಷಿಪಣಿಯ ಕೆಂಪು ಚುಕ್ಕೆ ಮೂಡಿತು. ಮರ್ನಾ ಮೌಸನ್ನು ಎಡಕ್ಕೆ ಎಳೆದಳು. ಬಾಣದ ಗುರುತು ಬಲಕ್ಕೆ ಹೋಯಿತು. ಬೆಚ್ಚಿ ಕೈ ಎತ್ತಿದಳು. ಬಾಣ ನಿಲ್ಲಲಿಲ್ಲ, ತಾನೇ ಹೋಗಿ ಗುಂಡಿ ಒತ್ತಿತು, ಕೆಂಪು ಚುಕ್ಕೆ ಅಳಿಸಿಹೋಯಿತು. ಹಿಂದೆ ಕೂತವರು ರೂಢಿಯಂತೆ ಚಪ್ಪಾಳೆ ತಟ್ಟಿದರು.

"ಇದು ವಿಡಿಯೋನಾ?" ಮರ್ನಾ ರಸೆಲ್‌ನತ್ತ ತಿರುಗಿದಳು. "ಇಷ್ಟು ದಿನ ತೋರಿಸಿದ್ದೂ?"

ರಸೆಲ್ ಡೋನಟ್ ಕೆಳಗಿಟ್ಟ. "ಎರಡು ವಾರಕ್ಕೊಮ್ಮೆ ತೋರಿಸ್ಲೇಬೇಕು ಅಂತ ನೀವೇ ತಾನೆ ಅಂದಿದ್ದು? ತೋರಿಸೋಕೆ ರೆಡಿ ಮಾಡೋದ್ರಲ್ಲೇ ಎರಡೂ ವಾರ ಮುಗಿದುಹೋಗ್ತಿತ್ತು, ಮೇಡಂ. ಕೆಲಸ ಮಾಡೋಕೆ ಟೈಮ್ ಎಲ್ಲಿತ್ತು?"