ನೂರಿಪ್ಪತ್ತು ಡಿಗ್ರಿ

ಸಕ್ಕರೆ ಕಾರ್ಖಾನೆಯ ಚಿಮಣಿಗೆ ಕಟ್ಟಿದ ಅಟ್ಟದ ಮೇಲೆ ಕೂತು ಗುರುಪಾದಪ್ಪನವರು ಬಿಸಿಪೆಟ್ಟಿಗೆಯ ಮುಳ್ಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಹೊಗೆಯ ದೂಳು ಹಿಡಿಯುವ ಕಾಗದ ಅದರೊಳಗಿತ್ತು. ಪೆಟ್ಟಿಗೆ ನೂರಿಪ್ಪತ್ತು ಡಿಗ್ರಿ ಕಾದಿರಬೇಕು. ತಣ್ಣಗಾದರೆ ಹೊಗೆಯಲ್ಲಿನ ಆವಿ ನೀರಾಗಿ, ಕಾಗದ ಒದ್ದೆಯಾಗಿ, ದೂಳಿನ ತೂಕವೆಲ್ಲ ಸುಳ್ಳಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಇದನ್ನೇ ಪಾಠ ಹೇಳುತ್ತ ಬಂದ ಪಂಡಿತರ ಪೆಟ್ಟಿಗೆಯಲ್ಲೇ ಇವತ್ತು ಮುಳ್ಳು ತೊಂಬತ್ತು ದಾಟುತ್ತಿರಲಿಲ್ಲ.

"ಎಲ್ಲಾ ಈ ಗಾಳಿ ಕೆಲಸ," ಎಂದು ಪೆಟ್ಟಿಗೆಗೆ ಗೋಣಿಚೀಲ ಹೊದಿಸಿದರು. ಆಮೇಲೆ ತಮ್ಮ ಸ್ವೆಟರನ್ನೂ ಬಿಚ್ಚಿ ಹೊದಿಸಿ, ತಾವು ಗಡಗಡ ನಡುಗುತ್ತ ಕೂತರು.

"ಒಮ್ಮೆ ತೆಗೆದು ನೋಡೋಣ್ವಾ ಸಾರ್?" ಎಂದಳು ಜೊತೆಗಿದ್ದ ಕೆಮಿಸ್ಟ್ ನಳಿನಾಕ್ಷಿ.

"ತೆಗೆದ್ರೆ ಇರೋ ಬಿಸಿನೂ ಹೋಗುತ್ತೆ. ಕೆಳಗೆ ನಾನೇ ಕೈಯಾರೆ ಜೋಡಿಸಿ ಹಗ್ಗ ಕಟ್ಟಿ ಮೇಲೆತ್ತಿಸಿದ್ದು, ಒಳಗೇನೂ ತಪ್ಪಿರಲ್ಲ. ಹೋದ ವರ್ಷ ನೀನು ಇದರಲ್ಲಿ ರೊಟ್ಟಿ ಬಿಸಿ ಮಾಡೋಕಿಟ್ಟು ಮೆಮೊ ತಗೊಂಡಿದ್ದು ನೆನಪಿದೆ ತಾನೆ? ಇವತ್ತೂ ಏನಾದ್ರೂ..."

"ಇಲ್ಲ ಸಾರ್. ನನ್ನ ರೊಟ್ಟಿ ಇಲ್ಲೇ ಇದೆ."

ಊಟದ ಹೊತ್ತಿಗೆ ಅವಳು ಬುತ್ತಿ ಬಿಚ್ಚಿದಳು. ಗುರುಪಾದಪ್ಪನವರು ತಮ್ಮ ಚೀಲವನ್ನೆಲ್ಲ ತಡಕಾಡಿ, "ಮನೇಲೇ ಮರೆತೆ ಅಂತ ಕಾಣುತ್ತೆ," ಎಂದು ಪೆಚ್ಚಾಗಿ ಅವಳ ತಣ್ಣನೆ ರೊಟ್ಟಿಯಲ್ಲಿ ಅರ್ಧ ತಿಂದರು.

ಮೂರು ಗಂಟೆಗೂ ಮುಳ್ಳು ಏಳಲಿಲ್ಲ. ಇವತ್ತಿನ ಪರೀಕ್ಷೆ ರದ್ದೆಂದು ಬರೆದು, ಪೆಟ್ಟಿಗೆ ಬಿಚ್ಚಲು ಹೇಳಿದರು.

ನಳಿನಾಕ್ಷಿ ಬಟ್ಟೆ ಹಿಡಿದು ಒಳಗಿಂದ, ಬಿಸಿಗಾಳಿ ಬರುವ ಕಿಂಡಿಗೆ ಅಡ್ಡವಾಗಿ ಕೂತಿದ್ದ ಒಂದು ಸ್ಟೀಲಿನ ಊಟದ ಡಬ್ಬಿ ಹೊರತೆಗೆದಳು. ಮುಚ್ಚಳದ ಮೇಲೆ ಕೆತ್ತಿಸಿದ್ದ ಹೆಸರನ್ನು ನಿಧಾನವಾಗಿ ಓದಿದಳು.

"ಮೆಮೊ ಇದೇ ಹೆಸರಿಗೆ ಟೈಪ್ ಮಾಡ್ಲಾ ಸಾರ್?"