ಬಿಳಿಚೋಡಿನ ಹೆಣ್ಣುಮರಿ

ನಿರ್ಮಲಮ್ಮ ಮೂರನೇ ಮರಿಯ ಬಾಯೊಳಗೂ ಬೆರಳು ತೂರಿಸಿದರು. ವಸಡು ಒತ್ತಿದರು, ಬಾಲ ಎತ್ತಿ ನೋಡಿದರು, ಹೊಟ್ಟೆ ಹಿಸುಕಿದರು. ಮರಿ ಕುಂಯ್ ಎಂದಿತು. ಜೊಲ್ಲು ಮೆತ್ತಿದ ಬೆರಳನ್ನು ಪಕ್ಕದಲ್ಲಿ ಕುಳಿತಿದ್ದ ಸೊಸೆಯ ಸೆರಗಿಗೆ ಒರೆಸಿ, "ಇದು ಗಂಡು. ಬ್ಯಾಡ" ಎಂದರು.

ಮಮತಾ ಸೆರಗನ್ನು ಸರಕ್ಕನೆ ಎಳೆದುಕೊಂಡಳು. ಜೊಲ್ಲಿಗೆ ಹೇಸಿ ಅಲ್ಲ, ಆ ಬೆರಳಿಗೆ. ಏಳು ವರ್ಷದ ಹಿಂದೆ ತನ್ನನ್ನು ನೋಡಲು ಬಂದಾಗಲೂ ಇದೇ ಬೆರಳು ಗಲ್ಲ ಹಿಡಿದೆತ್ತಿತ್ತು. ಹಲ್ಲಿನ ಸಾಲು ನೆಟ್ಟಗಿದೆಯೇ ಎಂದು ನೋಡಿತ್ತು.

ಆದರೂ ಸಹಿಸಿಕೊಂಡಳು. ಅವಳಿಗೆ ಮರಿ ಬೇಕಿತ್ತು. ಗಂಡ ರವಿಕುಮಾರ್ ಬೆಳಿಗ್ಗೆ ಚನ್ನಗಿರಿಯ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಬರುವುದು ರಾತ್ರಿ. ಮಕ್ಕಳಾಗಲಿಲ್ಲ. ಕಾಲಿಗೆ ತೊಡರಿಕೊಳ್ಳಲು ಒಂದು ನಾಯಿಮರಿಯಾದರೂ ಬೇಕು ಎಂದು ನಾಲ್ಕು ವರ್ಷದಿಂದ ಕೇಳುತ್ತಲೇ ಇದ್ದಳು. "ನಾಯಿ ಹೊಸಿಲು ದಾಟಿದ್ರೆ ನಾನು ಮನೆಯಿಂದಾಚೆ" ಎನ್ನುತ್ತಿದ್ದ ಅತ್ತೆ ಹೋದ ವಾರ ತಾವಾಗಿಯೇ ಮಾತು ತೆಗೆದಿದ್ದರು.

"ಬಿಳಿಚೋಡಿನಾಗೆ ದೂರದ ನೆಂಟ್ರ ಮನೇಲಿ ಮರಿ ಅದಾವಂತೆ. ಆದ್ರೆ ನೀನೂ ಬರ್ಬೇಕು. ನಿನ್ನ ಮನಸ್ಸಿಗೂ ಬರ್ಬೇಕಲ್ಲ."

ಅತ್ತೆ ಅವಳ ಮನಸ್ಸಿನ ಮಾತೆತ್ತಿದ್ದು ಅದೇ ಮೊದಲು. ದಾವಣಗೆರೆಯಲ್ಲಿ ಬಸ್ಸು ಬದಲಿಸಿದರು. ಎರಡೂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನೇ ಕೂರಿಸಿದರು.

ಈಗ ನೋಡಿದರೆ ಹಳೆಯ ಚಾಳಿಯೇ. ಮನೆ ಕುರಿಹಟ್ಟಿಗೆ ಅಂಟಿಕೊಂಡಿತ್ತು. ಹಿಕ್ಕೆಯ ನಾತ, ಟೀ ಲೋಟದ ಅಂಚಿಗೆ ನೊಣ. ಅದೊಂದೂ ಮಮತಾಗೆ ಹೇಸಿಗೆ ಎನಿಸಲಿಲ್ಲ. ಕುರಿ ಇದ್ದಲ್ಲಿ ನಾತ ಇದ್ದೇ ಇರುತ್ತದೆ. ಹೇಸಿಗೆಯಾಗಿದ್ದು ಪರರ ಮಂಚದ ಮೇಲೆ ಕಾಲು ಚಾಚಿ, ಪರರ ಗೋಡೆಯ ಬುಡಕ್ಕೆ ಎಲೆಅಡಿಕೆ ಉಗುಳುತ್ತಿದ್ದ ಅತ್ತೆಯನ್ನು ನೋಡಿ.

ಮರಿಗಳನ್ನು ತಂದು ತೋರಿಸುತ್ತಿದ್ದವಳು ಆ ಮನೆಯ ಮಗಳು ಸಂಧ್ಯಾರಾಣಿ. ಇಪ್ಪತ್ತೆರಡು ಇದ್ದೀತು. ನೆಂಟರು ಬಂದರೆಂದೋ ಏನೋ, ಹಾಡುಹಗಲೇ ಜರಿಯಂಚಿನ ಸೀರೆ ಉಟ್ಟು ನಾಯಿಮರಿ ಹೊರುತ್ತಿದ್ದಳು, ಪಾಪ. ಎಲ್ಲ ಮರಿಗಳನ್ನೂ ಒಂದೇ ಬುಟ್ಟಿಯಲ್ಲಿ ತರಬಹುದಿತ್ತು. ನಿರ್ಮಲಮ್ಮ ಬಿಡಲಿಲ್ಲ.

"ಒಂದೊಂದೇ ತಾರವ್ವಾ. ಅವಸರ ಏನೈತೆ?"

ಹುಡುಗಿ ಹಟ್ಟಿಯ ಮೂಲೆಗೆ ಹೋಗುವುದು, ಬರುವುದು. ಅತ್ತೆ ಎಲೆ ಅಗಿಯುತ್ತ ನೋಡುವುದು. ಬೇರೆಯವರ ಮಗಳನ್ನೂ ಕುಣಿಸುವ ಚಟ ಎಂದು ಮಮತಾ ಹಲ್ಲು ಕಚ್ಚಿದಳು.

"ಹೆಣ್ಣೇ ಬೇಕು ನಮಗೆ" ಎಂದರು ನಿರ್ಮಲಮ್ಮ.

"ಎಲ್ಲಾರೂ ಗಂಡುಮರಿ ಕೇಳ್ತಾರಲ್ರೀ ಅತ್ತೆ?"

"ಕೇಳ್ಲಿ ಬಿಡು. ನಮ್ಮ ಮನೆ ಬೆಳೀಬೇಕಲ್ಲ." ಆಮೇಲೆ ಮನೆಯೊಡತಿ ಗಿಡ್ಡಮ್ಮನತ್ತ ತಿರುಗಿದರು. "ತಾಯಿನಾಯಿದು ಎಷ್ಟನೇ ಸೂಲು?"

"ಮೂರನೇದು ಕಣ್ರಿ. ಹದಿನೇಳು ಮರಿ ಹಾಕೈತೆ. ಒಂದೂ ಕಳಕೊಂಡಿಲ್ಲ."

"ನಿಮಗೆಷ್ಟು ಮಕ್ಳು?"

"ಆರು."

"ನಿಮ್ಮವ್ವಗೆ?"

"ಒಂಬತ್ತು."

"ಒಳ್ಳೆ ತಳಿ" ಎಂದು ನಿರ್ಮಲಮ್ಮ ತಲೆಯಾಡಿಸಿದರು.

ಮಮತಾಳ ಕಿವಿ ಬಿಸಿಯಾಯಿತು. ನಾಯಿಯ ಬಸಿರನ್ನೂ ಹೆಂಗಸಿನ ಬಸಿರನ್ನೂ ಒಂದೇ ಉಸಿರಿನಲ್ಲಿ ಎಣಿಸುವ ಬಾಯಿ! ಇದೆಲ್ಲ ತನ್ನನ್ನು ಚುಚ್ಚಲಿಕ್ಕೇ ಎಂಬುದು ಅವಳಿಗೆ ಗೊತ್ತಿತ್ತು. ಇಷ್ಟು ದೂರ ಕರೆತಂದು, ಗುರುತಿಲ್ಲದವರ ಎದುರು ಚುಚ್ಚಬೇಕಿತ್ತೇ? ಗಿಡ್ಡಮ್ಮನಾದರೂ ಸಿಟ್ಟಾಗಬಾರದೇ? ಆಕೆ ಪರೀಕ್ಷೆಗೆ ಕೂತವರಂತೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು.

ಐದನೆಯ ಮರಿ ಹೆಣ್ಣು. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ಅತ್ತೆಯ ಕೈಗೆ ಸಿಗುವ ಮೊದಲೇ ಮಮತಾ ಎತ್ತಿಕೊಂಡಳು. ಅದು ಅವಳ ಕಿರುಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು.

"ಇದೇ ಇರ್ಲಿ ಅತ್ತೆ."

"ನಿನಗೆ ಒಪ್ಪಿಗೇನಾ? ಬಾಯಿಬಿಟ್ಟು ಹೇಳು, ಅವ್ರಿಗೂ ಕೇಳಂಗೆ."

"ಒಪ್ಪಿಗೆ" ಎಂದಳು ಮಮತಾ, ಗಟ್ಟಿಯಾಗಿ.

ಗಿಡ್ಡಮ್ಮ ದೇವರ ಗೂಡಿನ ಕಡೆಗೆ ಕೈ ಮುಗಿದರು. ನಾಯಿಮರಿಗೆ ಇಷ್ಟೆಲ್ಲವೇ ಎಂದು ಮಮತಾಗೆ ನಗು ಬಂತು. ಮುಗ್ಧ ಜನ. ಇಂಥವರ ಮನೆಯಲ್ಲಿ ಅತ್ತೆ ಆಡಿದ ಆಟ ನೆನೆದು ಮತ್ತೆ ಅಸಹ್ಯವಾಯಿತು.

ಮರಿಯನ್ನು ಬುಟ್ಟಿಯಲ್ಲಿಟ್ಟು ಹೊರಡುವಾಗ ನಿರ್ಮಲಮ್ಮ ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದರು. ಒಳಗೆ ಎರಡು ಮೊಳ ಮಲ್ಲಿಗೆ, ಕುಂಕುಮದ ಭರಣಿ.

"ಜೀವ ತಗಂಡು ಬರಿಗೈಲಿ ಹೋಗಬಾರ್ದು. ಮನೆ ಹೆಣ್ಣುಮಗಳಿಗೆ ಕುಂಕುಮ ಇಟ್ಟು ಹೂ ಮುಡಿಸು ಮಮತಾ."

ಪರವಾಗಿಲ್ಲ, ಇಷ್ಟಾದರೂ ಮರ್ಯಾದೆ ಗೊತ್ತಿದೆಯಲ್ಲ ಎಂದುಕೊಂಡಳು ಮಮತಾ. ಸಂಧ್ಯಾರಾಣಿಯ ಹಣೆಗೆ ಕುಂಕುಮ ಇಟ್ಟಳು. ಜಡೆಗೆ ಹೂ ಮುಡಿಸಿದಳು. ಹುಡುಗಿ ಥಟ್ಟನೆ ಬಗ್ಗಿ ಅವಳ ಕಾಲು ಮುಟ್ಟಿ, "ನಿಮ್ಮ ಮಾತು ಮೀರಲ್ಲ ಅಕ್ಕಾ" ಎಂದಳು. ಎಂಥ ಸಂಸ್ಕಾರವಂತೆ ಎಂದು ಮಮತಾ ಅವಳ ತಲೆ ನೇವರಿಸಿದಳು.

ಗಿಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಾಕಿದ ಜೀವವಲ್ಲವೇ, ಕರುಳು ಚುರ್ ಎನ್ನದೇ ಇರುತ್ತದೆಯೇ?

"ಅಳಬ್ಯಾಡ್ರಿ ಅಮ್ಮಾ" ಎಂದಳು ಮಮತಾ. "ನಾನಿದೀನಲ್ಲ. ನಮ್ಮನೇಲಿ ಒಂದು ಏಟೂ ಬೀಳದಂಗೆ ನೋಡ್ಕೊಂತೀನಿ."

ಗಿಡ್ಡಮ್ಮ ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.

"ಹಿರಿಹೆಂಡ್ತಿ ಮನಸಾರೆ ಒಪ್ಪಿ, ತಾನೇ ಬಂದು ಹೂ ಮುಡಿಸಿದ್ರೆ ಮಾತ್ರ ರವಿಕುಮಾರಪ್ಪಂಗೆ ನನ್ನ ಮಗಳನ್ನ ಕೊಡೋದು ಅಂತ ಹಠ ಹಿಡ್ದಿದ್ದೆ ಕಣವ್ವಾ; ನಿನ್ನ ಹೊಟ್ಟೆ ತಣ್ಣಗಿರ್ಲಿ."